ಅಜ್ಜಿ ಎತ್ತಿ ತೋರಿಸಿದ ಅಂಗೈ

ಕೊನೆಗೂ ಮುಗಿಯಿತು. ಇಂದಿರಾ ಗಾಂಧಿ ಗೆದ್ದ 1978ರ ಚಿಕ್ಕಮಗಳೂರು ಉಪಚುನಾವಣೆ ಬಗ್ಗೆ ನಾನು ಬರೆದ ಥೀಸಿಸ್‌ಗೆ ಮೊನ್ನೆ ವೈವಾ ಆಯಿತು. ಮೂರು ವರ್ಷ ಅಂದುಕೊಂಡಿದ್ದು ಏಳಕ್ಕೆ ಎಳೆಯಿತು. ನಡುವೆ ಅಪ್ಪ ಹೋದರು. ಆಮೇಲೆ ಒಂದು ವರ್ಷ ಫೈಲ್ ಬಿಚ್ಚಲೇ ಇಲ್ಲ. ಆಗಲೂ ಸುಮ್ನೆ ಫೋನ್ ಮಾಡಿ 'ಊಟ ಆಯ್ತಾ' ಅಂತಷ್ಟೇ ಕೇಳುತ್ತಿದ್ದ ನನ್ನ ಗೈಡ್ ಮೇಡಂಗೆ ಏನು ಹೇಳಲಿ?

ಜಾಸ್ತಿ ಋಣ ಮೂಡಿಗೆರೆ ಕಡೆಯ ಒಬ್ಬ ಅಜ್ಜಿಯದು. ಕಾಫಿ ತೋಟದ ಲೈನ್ ಮನೆಯಲ್ಲೇ ಬದುಕು ಕಳೆದವರು. 'ನೆಹರೂ ಮಗಳು ಅಂತ ಓಟು ಹಾಕಿದ್ರಾ?' ಅಂತ ಕೇಳಿದೆ. ಹಣ್ಣು ಆರಿಸುತ್ತಿದ್ದವರು ತಲೆ ಎತ್ತಿದರು. 'ನೆಹರೂ ಯಾರೋ ನಂಗೇನ್ ಗೊತ್ತಮ್ಮ? ಸೋತು ಬಂದಿದ್ಲು, ಹೆಂಗಸು. ಇದಕ್ಕೆ ಒತ್ತಿದೆ' ಅಂತ ಅಂಗೈ ತೋರಿಸಿದರು. ಗೆರೆಗಳ ತುಂಬ ಕಾಫಿ ಹಣ್ಣಿನ ಕಲೆ. ಇಂದಿರಾ ಪಕ್ಷಕ್ಕೆ ಹಸು-ಕರು ಹೋಗಿ ಹಸ್ತದ ಗುರುತು ಬಂದು ಆಗ ಒಂದು ವರ್ಷವೂ ಆಗಿರಲಿಲ್ಲ. ಮನೆತನದ ಹೆಸರೇ ಗೆಲ್ಲಿಸಿತು ಅಂತ ಬರೆದಿದ್ದ ಮೂರನೇ ಅಧ್ಯಾಯವನ್ನು ಅವತ್ತು ರಾತ್ರಿಯೇ ಹರಿದುಹಾಕಿದೆ.

ಹಾಗಂತ ಮನೆತನದ ಹೆಸರು ಲೆಕ್ಕಕ್ಕಿಲ್ಲ ಅಂತಲ್ಲ. ರಾಯ್‌ಬರೇಲಿಯಲ್ಲಿ ಸೋತ ಬೇರೆ ಯಾರಿಗಾದರೂ ಡಿ.ಬಿ. ಚಂದ್ರೇಗೌಡರು ತಾವು ಗೆದ್ದ ಚಿಕ್ಕಮಗಳೂರು ಸೀಟು ಬಿಟ್ಟುಕೊಡುತ್ತಿದ್ದರಾ? ಆದರೆ 1977ರಲ್ಲಿ ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಹೋದಾಗಲೂ ಕರ್ನಾಟಕದ 28ರಲ್ಲಿ 26 ಸೀಟು ಅದಕ್ಕೇ ಬಂದಿದ್ದವು. ದೇವರಾಜ ಅರಸರ ಭೂಸುಧಾರಣೆ ಹಳ್ಳಿಗಳಲ್ಲಿ ಹಸಿಯಾಗಿತ್ತು. ಎದುರಾಳಿಯಾಗಿದ್ದ ಜನತಾ ಪಾರ್ಟಿಯ ವೀರೇಂದ್ರ ಪಾಟೀಲರಂಥವರು 70 ಸಾವಿರಕ್ಕೂ ಹೆಚ್ಚು ಓಟಿನಲ್ಲಿ ಸೋತಿದ್ದು ಬರೀ ಹೆಸರಿಗಲ್ಲ.

ಒಂದು ಕಚೇರಿಯವರು ಒಂದು ಕಡತಕ್ಕೆ ಹನ್ನೊಂದು ಸಲ ಅಲೆಸಿದರು. ಅವರಿಗೂ ಥ್ಯಾಂಕ್ಸ್. ಕಾಯುತ್ತಾ ಟೀ ಅಂಗಡಿಯಲ್ಲಿ ಕೂತಾಗಲೇ ಅಲ್ವಾ ಜನತಾ ಪಾರ್ಟಿಗೆ ಜೀಪ್ ಓಡಿಸಿದ್ದ ಯಜಮಾನರು ಸಿಕ್ಕಿದ್ದು! ಅವರಿಗೆ ಇವತ್ತಿಗೂ ಸಿಟ್ಟು. ನವೆಂಬರ್‌ನಲ್ಲಿ ಗೆದ್ದವರನ್ನು ಡಿಸೆಂಬರ್‌ನಲ್ಲೇ ಲೋಕಸಭೆಯಿಂದ ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿದರು. 1980ರಲ್ಲಿ ಆಕೆ ರಾಯ್‌ಬರೇಲಿ, ಆಂಧ್ರದ ಮೆದಕ್ ಎರಡರಲ್ಲೂ ನಿಂತು ಗೆದ್ದು ಮೆದಕ್ ಉಳಿಸಿಕೊಂಡರು. 'ನಮ್ಮೂರಿಗೆ ಯಾಕ್ ಬರ್ಲಿಲ್ಲ?' ಅಂತ ಯಜಮಾನರು ನನ್ನನ್ನೇ ದಬಾಯಿಸಿದರು. ಓಟು ಹಾಕಿದ್ದು ಮಾತ್ರ ಪಾಟೀಲರಿಗೆ!

ಹಳೇ ಪತ್ರಿಕೆಗಳ ಬೈಂಡು ಹೊತ್ತು ತಂದು, ಹೆಗಲ ಟವೆಲ್‌ನಿಂದ ಧೂಳು ಒರೆಸಿ ಕೊಡುತ್ತಿದ್ದ ಲೈಬ್ರರಿಯ ಅಣ್ಣ, ನಿಮಗೊಂದು ಊಟ ಬಾಕಿ ಇದೆ.

ಇನ್ನು ಅತ್ತೆ. ವೈವಾ ಮುಗಿಸಿ ಮನೆಗೆ ಬಂದರೆ, 'ಇಂದಿರಮ್ಮ ಇನ್ನಾದ್ರೂ ನಮ್ಮ ಡೈನಿಂಗ್ ಟೇಬಲ್ ಬಿಟ್ಟು ಹೋಗ್ತಾರಾ?' ಅಂದರು. ಭಾನುವಾರ ಖಾಲಿ ಮಾಡ್ತೀನಿ ಅತ್ತೆ.