ಕನ್ನಡಿ ಕೂರಿಸಲು ನೆರವಾದ ಹಿರಿಯರಿಗೆ ಕೃತಜ್ಞತೆಗಳು

ನಮ್ಮ ಬಚ್ಚಲುಮನೆಯ ಗೋಡೆಗೆ ಚೌಕಟ್ಟಿಲ್ಲದ ದೊಡ್ಡ ಕನ್ನಡಿಯನ್ನು ಕೂರಿಸಿಕೊಟ್ಟು, ಹೆಸರನ್ನೂ ಹೇಳದೆ ಹೊರಟುಹೋದ ಹಿರಿಯರಿಗೆ ಹೃತ್ಪೂರ್ವಕ ಧನ್ಯವಾದಗಳು. 6 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ ಸುಮಾರು 15 ಕಿಲೋ ತೂಗುವುದರಿಂದ, ಆ ಭಾರವನ್ನು ಅಂಟಿಗೆ ಬಿಡದೆ ಕೆಳಗಿನ ಅಲ್ಯೂಮಿನಿಯಂ ಪಟ್ಟಿಯೇ ಹೊರಬೇಕೆಂದು ಅವರು ತಿಳಿಸಿದರು. ಟೈಲ್ಸ್ ಸೀಳದಂತೆ ಡ್ರಿಲ್ಲನ್ನು ನಿಧಾನವಾಗಿ ತಿರುಗಿಸಿ ತೂತು ಕೊರೆದವರೂ ಅವರೇ. ವಿನೆಗರಿನಂಥ ಹುಳಿ ವಾಸನೆಯ ಸಿಲಿಕೋನ್ ಅಂಟು ಕನ್ನಡಿಯ ಬೆನ್ನಿನ ಬೆಳ್ಳಿಲೇಪವನ್ನು ಹಾಳುಮಾಡಬಲ್ಲದೆಂದು ವಿವರಿಸಿ ಆ ಹುಳಿ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನನ್ನೇ ಬಳಸಿದರು. ಅದನ್ನೂ ಅಡ್ಡಡ್ಡಲಾಗಿ ಬಳಿಯದೆ, ಹಿಂಬದಿಯಲ್ಲಿ ತೇವ ನಿಲ್ಲದಿರಲೆಂದು ಮೇಲಿನಿಂದ ಕೆಳಕ್ಕೆ ಬಿಡಿಬಿಡಿ ಗೆರೆಗಳಾಗಿ ಹಚ್ಚಿದರು. ಇಷ್ಟು ತಾಳ್ಮೆಯ ಕೆಲಸ ನಿಜಕ್ಕೂ ಅಪರೂಪ. ಹಣವನ್ನು ನಿರಾಕರಿಸಿದ ಅವರು ಈ ಮಾತುಗಳನ್ನಾದರೂ ಸ್ವೀಕರಿಸಬೇಕೆಂದು ವಿನಂತಿಸುತ್ತೇನೆ.