ಧರಣಿಗೆ ಕೂಡುವ ಮೊದಲು: ಮಗಳಿಗೊಂದು ಪತ್ರ

ಪ್ರೀತಿಯ ಅವ್ವೀ,

ಹಾಸ್ಟೆಲ್ ನೀರಿನ ಸಲುವಾಗಿ ಕಲಬುರಗಿಯ ಡಿಸಿ ಆಫೀಸ್ ಮುಂದೆ ಧರಣಿ ಕೂಡುತ್ತೇವೆ, ಪೇಪರಿನವರು ಹೆಂಗೂ ಬರೆಯೋದಿಲ್ಲ, ಅದಕ್ಕೆ ಲಕ್ಷಗಟ್ಟಲೆ ಫಾಲೋವರ್ಸ್ ಇರುವ ರೀಲ್ಸ್ ಹುಡುಗನನ್ನು ಕರೆಸುತ್ತೇವೆ ಅಂತ ನೀನು ಅಂದೆ. ಧರಣಿ ಕೂಡು, ನಾನು ಬೇಡ ಅನ್ನೋದಿಲ್ಲ. ಆದರೆ ಕೆಲಸವನ್ನು ನೀವು ಹಿಂದಿನ ತುದಿಯಿಂದ ಹಿಡಿದಿದ್ದೀರಿ. ರೀಲ್ ಮೊದಲು, ಅರ್ಜಿ ಆಮೇಲೆ ಅನ್ನುವ ಹೋರಾಟವನ್ನು ಕಚೇರಿಯೊಳಗಿನ ಮಂದಿ ಎರಡು ದಿನ ಸುಮ್ಮನಿದ್ದು ಕಳೆದುಬಿಡುತ್ತಾರೆ. ಮೂರನೇ ದಿನ ಆ ಹುಡುಗನೇ ಬೇರೆ ವಿಷಯಕ್ಕೆ ಹೋಗಿರುತ್ತಾನೆ. ಇನ್‌ವರ್ಡ್ ನಂಬರ್ (ಕಾಗದ ಬಂತು ಅಂತ ಕಚೇರಿ ಹಾಕುವ ಕ್ರಮಸಂಖ್ಯೆ) ಬಿದ್ದ ಕಾಗದ ಹಂಗಲ್ಲ. ಅದರ ಮೇಲೆ ಯಾರಾದರೊಬ್ಬರು ಟಿಪ್ಪಣಿ ಬರೆಯಲೇಬೇಕು.

ಮನವಿ ಒಂದೇ ಪುಟ ಇರಲಿ. "ಮೂಲಸೌಕರ್ಯ ಕಲ್ಪಿಸಬೇಕು" ಅಂತ ಬರೆದರೆ "ಸೂಕ್ತ ಕ್ರಮ ವಹಿಸಲಾಗುವುದು" ಅಂತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಎಷ್ಟು ಮಂದಿ ಇದ್ದೀರಿ, ವಾರಕ್ಕೆ ಎಷ್ಟು ಟ್ಯಾಂಕರ್ ಬರಬೇಕಿತ್ತು, ಯಾವ್ಯಾವ ತಾರೀಖು ಬರಲಿಲ್ಲ, ಯಾವ ದಿನದೊಳಗೆ ಏನಾಗಬೇಕು, ಇಷ್ಟು ಸಾಕು. ಎರಡು ಪ್ರತಿ ಒಯ್ದು ಟಪಾಲು ಶಾಖೆಯಲ್ಲಿ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ನಂಬರ್ ಹಾಕಿಸಿಕೊಳ್ಳಿ. ಸಾಹೇಬರ ಕೈಗೆ ಕೊಡುವ ಫೋಟೊ ಆಮೇಲೆ ತೆಗೆಸಿಕೊಳ್ಳಿ. ಬರೀ ಫೋಟೊಕ್ಕೆ ಕೊಟ್ಟ ಮನವಿ ಯಾವ ಫೈಲಿಗೂ ಸೇರದೆ ಮೇಜಿನ ಮೇಲೇ ಉಳಿಯುವುದೇ ಹೆಚ್ಚು.

ಅದೇ ದಿನ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಕರ್ನಾಟಕದ ನಿಯಮದಲ್ಲಿ ಎರಡು ಕೊಕ್ಕೆ ಇವೆ: ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದ ಒಳಗೆ. ಬಾಳ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ. "ನೀರು ಯಾಕೆ ಬರುತ್ತಿಲ್ಲ" ಅಂತ ಕೇಳಿದರೆ, ಕಾರಣ ಹೇಳುವುದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ ಅಂತ ವಾಪಸ್ ಕಳಿಸುತ್ತಾರೆ. ದಾಖಲೆ ಕೇಳಬೇಕು: ಕಳೆದ ಆರು ತಿಂಗಳ ಟ್ಯಾಂಕರ್ ಬಿಲ್ಲುಗಳು, ಟ್ಯಾಂಕರ್ ಯಾವಾಗ ಬಂತು ಅಂತ ಬರೆದಿಡುವ ಟ್ರಿಪ್ ಶೀಟು, ಕುಡಿಯುವ ನೀರಿನ ಪರೀಕ್ಷಾ ವರದಿ, ಇವುಗಳ ದೃಢೀಕೃತ ಪ್ರತಿ. ವರದಿ ಸಿಕ್ಕರೆ ಫ್ಲೋರೈಡ್ ಸಾಲು ಮೊದಲು ನೋಡು, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಭಾಗದ ಬೋರ್‌ವೆಲ್ ನೀರನ್ನು ಕಣ್ಣಿಗೆ ತಿಳಿಯಾಗಿದೆ ಅಂತ ನಂಬುವಂತಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು.

ಕಾನೂನಿನ ಮಾತು ಜಲ್ದಿ ಮುಗಿಸುತ್ತೇನೆ. ಸಂವಿಧಾನದ 19ನೇ ವಿಧಿ ಮಾತಾಡುವ ಹಕ್ಕಿನ ಜೊತೆಗೆ ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕನ್ನೂ ಕೊಟ್ಟಿದೆ. ಕಲಬುರಗಿ ಶಹರದಲ್ಲಿ ಪೊಲೀಸ್ ಕಮಿಷನರೇಟ್ ಇರುವುದರಿಂದ ದಿನ, ಹೊತ್ತು, ಜಾಗ, ಅಂದಾಜು ಮಂದಿ, ಮೈಕ್ ಇದೆಯೋ ಇಲ್ಲವೋ, ಜವಾಬ್ದಾರಿ ಯಾರದು ಅಂತ ಬರೆದು ಅಲ್ಲಿಗೆ ಮೊದಲೇ ಕೊಡಿ, ಅದಕ್ಕೂ ಸ್ವೀಕೃತಿ ತಗೊಳ್ಳಿ. ಫ್ರೀಡಂ ಪಾರ್ಕ್ ಬಿಟ್ಟು ಬೇರೆಲ್ಲೂ ಧರಣಿ ಮಾಡುವಂತಿಲ್ಲ ಅನ್ನುವುದು ಬೆಂಗಳೂರಿಗಷ್ಟೇ ಇರುವ ಆದೇಶ, ಯಾರಾದರೂ ಅದನ್ನು ಹೇಳಿ ಹೆದರಿಸಿದರೆ ಹೆದರಬೇಡಿ. "144 ಜಾರಿ ಐತಿ" ಅಂದರೆ (2024ರ ಜುಲೈ 1ರಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ, ಬಾಯಲ್ಲಿ ಮಾತ್ರ ಇನ್ನೂ 144 ಉಳಿದಿದೆ) ಆದೇಶದ ಪ್ರತಿ ಕೇಳಿ. ಇಂಥ ಆದೇಶವನ್ನು ಪ್ರಕಟಿಸಲೇಬೇಕು, ನ್ಯಾಯಯುತ ಅಭಿಪ್ರಾಯ ಅದುಮಲು ಬಳಸಬಾರದು ಅಂತ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಅನುರಾಧಾ ಭಸೀನ್ ಪ್ರಕರಣದಲ್ಲಿ ಹೇಳಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಸಾರ್ವಜನಿಕ ರಸ್ತೆಯನ್ನು ದಿನಗಟ್ಟಲೆ ಹಿಡಿದು ಕೂಡುವಂತಿಲ್ಲ ಅಂತಲೂ ಹೇಳಿತು. ಹಂಗಾಗಿ ರಸ್ತೆ ಬಿಟ್ಟು ಪಕ್ಕಕ್ಕೆ ಕೂಡಿ. ಠಾಣೆಗೆ ಕರೆದೊಯ್ದರೂ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸದೆ 24 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ಬಂಧಿಸಬೇಕಾದರೆ ಮಹಿಳಾ ಅಧಿಕಾರಿಯೂ ಬೇಕು, ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿಯೂ ಬೇಕು. 15100 ನಂಬರ್ ಎಲ್ಲರ ಫೋನಿನಲ್ಲೂ ಇರಲಿ, ಅದು ಉಚಿತ ಕಾನೂನು ನೆರವಿನದು. ಹೆಣ್ಣುಮಕ್ಕಳಿಗೆ ಅದರಲ್ಲಿ ಆದಾಯದ ಮಿತಿ ಇಲ್ಲ.

ಇನ್ನು ಪೇಪರಿನವರು. ಅವರು ಯಾಕೆ ಬರೆಯುವುದಿಲ್ಲ ಅಂತ ತಿಳಿದರೆ ಬರೆಸುವುದು ಹೆಂಗೆ ಅಂತಲೂ ಗೊತ್ತಾಗುತ್ತದೆ. ತಾಲ್ಲೂಕು ಮಟ್ಟದ ಎಷ್ಟೋ ವರದಿಗಾರರಿಗೆ ಸಂಬಳ ಅಂತ ಇರುವುದು ಅಷ್ಟಕ್ಕಷ್ಟೇ, ಮೇಲೆ ಜಾಹೀರಾತು ತರುವ ಜವಾಬ್ದಾರಿ ಬೇರೆ. ಯಾರ ಹುಟ್ಟುಹಬ್ಬಕ್ಕೆ ಪೂರ್ತಿ ಪುಟದ ಶುಭಾಶಯ ಬರುತ್ತದೋ ಅವರ ವಿರುದ್ಧದ ಸುದ್ದಿ ಒಳಪುಟಕ್ಕೆ ಸರಿಯುತ್ತದೆ, ಇದಕ್ಕೆ ಯಾರೂ ಫೋನ್ ಮಾಡಬೇಕಾಗಿಲ್ಲ. ಆದರೆ ಟ್ಯಾಂಕರ್ ಬಿಲ್ಲಿನ ಪ್ರತಿ ಕೈಗಿಟ್ಟರೆ ವರದಿಗಾರನಿಗೂ ಧೈರ್ಯ ಬರುತ್ತದೆ. ಹೇಳಿದ್ದು ನೀವಲ್ಲ, ದಾಖಲೆ. ಮಧ್ಯಾಹ್ನವೇ ಪತ್ರಿಕಾ ಹೇಳಿಕೆ ಕಳಿಸಿ, ರಾತ್ರಿ ಕಳಿಸಿದರೆ ಪುಟದಲ್ಲಿ ಜಾಗ ಇರುವುದಿಲ್ಲ. ಮೊದಲ ಸಾಲಿನಲ್ಲೇ ಬೇಡಿಕೆ ಇರಲಿ, ಒಂದು ಅಡ್ಡ ಫೋಟೊ ಹಾಕಿ, ಹೆಸರುಗಳ ಕಾಗುಣಿತ ಸರಿ ಇರಲಿ.

ಮಾರನೇ ದಿನ ಓದುವಾಗ ತಲೆಬರಹದ ಕರ್ತೃ ಯಾರು ಅಂತ ನೋಡು. "ನೀರಿಗಾಗಿ ವಿದ್ಯಾರ್ಥಿನಿಯರ ಧರಣಿ" ಅನ್ನುವುದಕ್ಕೂ "ಧರಣಿಯಿಂದ ಸಂಚಾರ ಅಸ್ತವ್ಯಸ್ತ" ಅನ್ನುವುದಕ್ಕೂ ಘಟನೆ ಒಂದೇ, ಕರ್ತೃ ಬೇರೆ. "ಲಘು ಲಾಠಿ ಪ್ರಹಾರ" ಅಂತ ಬರೆದಾಗ ಲಘು ಅಂತ ಅಳೆದದ್ದು ಯಾರು? ಪೆಟ್ಟು ತಿಂದವರಂತೂ ಅಲ್ಲ. ತಪ್ಪು ಬರೆದರೆ ಜಗಳ ಬೇಡ, ಸಂಪಾದಕರಿಗೆ ಲಿಖಿತವಾಗಿ ತಿದ್ದುಪಡಿ ಕೇಳಿ. ಹಾಕದಿದ್ದರೆ ದಿನಪತ್ರಿಕೆಯ ಮೇಲೆ ಎರಡು ತಿಂಗಳೊಳಗೆ ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು. ಅದು ಎಚ್ಚರಿಸಬಹುದು, ಖಂಡಿಸಬಹುದು, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಟಿವಿ ಸುದ್ದಿಯಾದರೆ 7 ದಿನದೊಳಗೆ ಚಾನೆಲ್‌ಗೇ ಬರೆಯಬೇಕು, ಆಮೇಲೆ ಎನ್‌ಬಿಡಿಎಸ್‌ಎಗೆ, ಅಂದರೆ ಸುದ್ದಿ ಚಾನೆಲ್‌ಗಳು ತಾವೇ ಕಟ್ಟಿಕೊಂಡ ದೂರು ಕೇಳುವ ಪ್ರಾಧಿಕಾರಕ್ಕೆ. ಆದರೆ ಅದರ ಮಾತು ನಡೆಯುವುದು ಸದಸ್ಯ ಚಾನೆಲ್‌ಗಳ ಮೇಲಷ್ಟೇ. ಮೈಕ್ ಹಿಡಿದು ಓಡಾಡುವ ಊರಿನ ಯೂಟ್ಯೂಬ್ ಚಾನೆಲ್‌ಗಳಿಗೆ ಈ ಎರಡೂ ಇಲ್ಲ.

ಈಗ ನಿಮ್ಮ ರೀಲ್ಸ್ ಹುಡುಗ. ಅವನು ಕೆಟ್ಟವನು ಅಂತ ನಾನು ಅನ್ನುತ್ತಿಲ್ಲ. ಅವನ ಹೊಟ್ಟೆಪಾಡು ಎಲ್ಲಿಂದ ಅಂತ ಕೇಳುತ್ತಿದ್ದೇನೆ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರ ಜೊತೆಗೆ ವರ್ಷದಲ್ಲಿ 4,000 ಗಂಟೆ ನೋಟ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬೇಕು. ಅಷ್ಟು ನೋಟಕ್ಕೆ ಟ್ಯಾಂಕರ್ ಬಿಲ್ಲು ಸಾಲದು. ಮೊದಲ ಮೂರು ಸೆಕೆಂಡಿನಲ್ಲಿ ಯಾರಾದರೂ ಚೀರಬೇಕು, ಅಳಬೇಕು, ಪೊಲೀಸರನ್ನು ತಳ್ಳಬೇಕು. ಅವನು ಕ್ಯಾಮೆರಾ ಆನ್ ಮಾಡಿ ನಿಮ್ಮಲ್ಲಿ ಬಾಳ ಸಿಟ್ಟಿನ ಹುಡುಗಿಯನ್ನು ಹುಡುಕುತ್ತಾನೆ. ಅವಳ ಬಾಯಿಂದ ಜಾರಿದ ಒಂದು ಮಾತೇ ರೀಲ್ ಆಗುತ್ತದೆ, ನೀರು ಹಿಂದೆ ಬೀಳುತ್ತದೆ.

ರೊಕ್ಕದ ಇನ್ನೊಂದು ದಾರಿ ಇದಕ್ಕಿಂತ ಮುಖ್ಯ. ಅದೇ ಹುಡುಗ ಸಾಬೂನು ಹೊಗಳಲು ರೊಕ್ಕ ತಗೊಂಡರೆ ಅದು ಜಾಹೀರಾತು ಅಂತ ಎದ್ದು ಕಾಣುವಂತೆ ಬರೆಯಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಆದರೆ ಆ ನಿಯಮ ಇರುವುದು ಸರಕು ಮತ್ತು ಸೇವೆಗೆ. ರೊಕ್ಕ ತಗೊಂಡು ಒಬ್ಬ ಶಾಸಕನನ್ನು ಹೊಗಳಿದರೆ, ಇಲ್ಲಾ ಒಂದು ಧರಣಿಯನ್ನು ಹೀಗಳೆದರೆ, ಅದು ಅಲ್ಲಿಗೆ ಬರುವುದಿಲ್ಲ. ಚುನಾವಣೆ ಹೊತ್ತಿನಲ್ಲಿ ಮಾತ್ರ ಜಿಲ್ಲಾ ಮಾಧ್ಯಮ ಕಣ್ಗಾವಲು ಸಮಿತಿ ನೋಡುತ್ತದೆ, ಉಳಿದ ದಿನ ಕೇಳುವವರಿಲ್ಲ. ಸರ್ಕಾರಗಳೂ ಈಗ ನೇರವಾಗಿ ಕೊಡುತ್ತವೆ. ಉತ್ತರ ಪ್ರದೇಶ 2024ರಲ್ಲಿ ಒಪ್ಪಿದ ನೀತಿಯಲ್ಲಿ ಯೂಟ್ಯೂಬಿನವರಿಗೆ ತಿಂಗಳಿಗೆ 8 ಲಕ್ಷ ರೂಪಾಯಿವರೆಗೆ ಇದೆ. ಯಾವ ಪಕ್ಷದ ಸರ್ಕಾರ ಅನ್ನುವುದು ಇಲ್ಲಿ ಪ್ರಶ್ನೆಯಲ್ಲ. ತಿಂಗಳ ರೊಕ್ಕ ತಗೊಂಡವನು ಅದೇ ತಿಂಗಳು ನಿಮ್ಮ ಪಕ್ಕ ಕೂಡುತ್ತಾನೇನು?

ಕರೆಯುವ ಮೊದಲು ಇಷ್ಟು ಮಾಡು. ಅವನ ಫೇಸ್‌ಬುಕ್ ಪೇಜಿನ ಪಾರದರ್ಶಕತೆ ವಿಭಾಗ ತೆರೆ. ಪೇಜ್ ಯಾವಾಗ ಹುಟ್ಟಿತು, ಹಿಂದೆ ಅದರ ಹೆಸರೇನಿತ್ತು ಅಂತ ಅಲ್ಲಿರುತ್ತದೆ. ಸಿನಿಮಾ ನಟನ ಅಭಿಮಾನಿಗಳ ಪೇಜು ಹೆಸರು ಬದಲಿಸಿ ಜಿಲ್ಲೆಯ ದನಿ ಆಗಿರುವುದು ಕಂಡರೆ ಹುಷಾರಾಗು. ಫೇಸ್‌ಬುಕ್‌ನ ಕಂಪನಿ ಮೆಟಾದ ಆ್ಯಡ್ ಲೈಬ್ರರಿಯಲ್ಲಿ (ಜಾಹೀರಾತುಗಳ ಬಹಿರಂಗ ಪಟ್ಟಿ) ಅವನ ಹೆಸರು ಹಾಕು, ರಾಜಕೀಯ ಜಾಹೀರಾತು ಕೊಟ್ಟಿದ್ದರೆ ರೊಕ್ಕ ಯಾರದು ಅಂತ ಕಾಣುತ್ತದೆ. ಕೈಯಿಂದ ಕೈಗೆ ಹೋದ ರೊಕ್ಕ ಅಲ್ಲಿ ಕಾಣುವುದಿಲ್ಲ, ಅದು ನೆನಪಿರಲಿ. ಇಷ್ಟಾದ ಮೇಲೂ ಬರುವುದಾದರೆ ಮನವಿಯ ಪ್ರತಿಯನ್ನು ತೆರೆಯ ಮೇಲೆ ತೋರಿಸಬೇಕು, ಹೆಸರು ಹೇಳದ ಹುಡುಗಿಯರ ಮುಖ ತೋರಿಸಬಾರದು ಅಂತ ಮೊದಲೇ ವಾಟ್ಸಾಪ್‌ನಲ್ಲಿ ಬರೆಸಿಕೊ.

ನಿಮ್ಮದೇ ವಿಡಿಯೊ ಇರಲಿ. ಇಬ್ಬರು, ಎರಡು ಫೋನು, ಎರಡು ದಿಕ್ಕು. ಶುರುವಿನಲ್ಲಿ ತಾರೀಖು, ಹೊತ್ತು, ಜಾಗ ಬಾಯಿಂದ ಹೇಳಿ, ಹತ್ತು ಸೆಕೆಂಡ್ ಸುತ್ತಮುತ್ತ ತೋರಿಸಿ, ನಡುವೆ ನಿಲ್ಲಿಸಬೇಡಿ. ವಾಟ್ಸಾಪ್‌ನಲ್ಲಿ ಹಂಗೇ ಕಳಿಸಿದರೆ ವಿಡಿಯೊ ಕುಗ್ಗುತ್ತದೆ, ಒಳಗಿನ ವಿವರಗಳೂ ಹೋಗುತ್ತವೆ, ಅದಕ್ಕೆ ಡಾಕ್ಯುಮೆಂಟ್ ಅಂತ ಕಳಿಸಿ. ಮೂಲ ಫೈಲನ್ನು ಫೋನಿನಿಂದ ಅಳಿಸಬೇಡಿ. ನಾಳೆ ಕೋರ್ಟಿಗೆ ಹೋದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ಇರಬೇಕು. ಒಂದು ಸೆಕೆಂಡ್ ಕತ್ತರಿಸಿದರೂ ಆ ಮೌಲ್ಯ ಬದಲಾಗುತ್ತದೆ.

ನಿಮ್ಮ ಧರಣಿಯದೇ ಅಂತ ಬೇರೆ ಊರಿನ ವಿಡಿಯೊ ಓಡಾಡಿದರೆ ಹಿಡಿಯುವುದು ಕಷ್ಟವಲ್ಲ. ಗಾಡಿ ನಂಬರ್ ನೋಡು: ಕೆಎ 32 ನಮ್ಮ ಕಲಬುರಗಿ, 33 ಯಾದಗಿರಿ, 38 ಬೀದರ್. ಟಿಜಿ ಅಂತ ಇದ್ದರೆ ತೆಲಂಗಾಣದ ಗಾಡಿ, 2024ರ ಮಾರ್ಚ್‌ಗಿಂತ ಹಿಂದಿನ ವಿಡಿಯೊ ಅದಲ್ಲ, ಮೊದಲು ಟಿಎಸ್ ಇತ್ತು. ಬಸ್ಸಿನ ಮೇಲೆ ಈಶಾನ್ಯ ಸಾರಿಗೆ ಅಂತಿದ್ದರೆ ಹಳೆಯದಿರಬಹುದು, 2021ರಲ್ಲಿ ಅದು ಕಲ್ಯಾಣ ಕರ್ನಾಟಕ ಆಯಿತು. ಹಿಂದೆ ಹೊಲದಲ್ಲಿ ತೊಗರಿ ಹಳದಿ ಹೂ ಬಿಟ್ಟು ನಿಂತಿದ್ದರೆ ಅದು ದೀಪಾವಳಿಯ ಆಸುಪಾಸು, ಏಪ್ರಿಲ್ ಅಲ್ಲವೇ ಅಲ್ಲ. ಅಕ್ಷರ ತಿರುವುಮುರುವು ಕಂಡರೆ ವಿಡಿಯೊವನ್ನು ಕನ್ನಡಿಯಂತೆ ಮಗುಚಿದ್ದಾರೆ, ಹುಡುಕಾಟದಲ್ಲಿ ಸಿಗಬಾರದು ಅಂತ. ನಾಲ್ಕು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕು, ಮಗುಚಿದ್ದನ್ನು ಮತ್ತೆ ಮಗುಚಿ ಹಾಕು.

ಮಂದಿಯ ಲೆಕ್ಕದಲ್ಲಿ ನೀವೂ ಸುಳ್ಳು ಹೇಳಬೇಡಿ. ಜಾಗದ ಉದ್ದಗಲ ಹೆಜ್ಜೆಯಲ್ಲಿ ಅಳೆಯಿರಿ. 100 ಮೀಟರ್ ಉದ್ದ, 12 ಮೀಟರ್ ಅಗಲ ಅಂದರೆ 1,200 ಚದರ ಮೀಟರ್. ಸಡಿಲವಾಗಿ ನಿಂತರೆ ಚದರ ಮೀಟರಿಗೆ ಒಬ್ಬರಂತೆ ಸುಮಾರು 1,200, ಭುಜಕ್ಕೆ ಭುಜ ತಾಗಿದರೆ ಸುಮಾರು 3,000. ಹರ್ಬರ್ಟ್ ಜೇಕಬ್ಸ್ ಅನ್ನುವ ಅಮೆರಿಕದ ಪತ್ರಿಕೋದ್ಯಮ ಮೇಷ್ಟ್ರು 1960ರ ದಶಕದಲ್ಲಿ ಹಾಕಿಕೊಟ್ಟ ಲೆಕ್ಕ ಇದು, ಕಲಬುರಗಿಯ ಜಗತ್ ಸರ್ಕಲ್‌ಗೂ ನಡೆಯುತ್ತದೆ. 180 ಮಂದಿ ಇದ್ದರೆ 180 ಅಂತಲೇ ಬರೆಯಿರಿ. ಸಾವಿರಾರು ಅಂತ ಬರೆದು ಫೋಟೊದಲ್ಲಿ ತಲೆ ಎಣಿಸುವವನ ಕೈಗೆ ಸಿಕ್ಕರೆ, ಟ್ಯಾಂಕರ್ ಲೆಕ್ಕವನ್ನೂ ಅವನು ನಂಬುವುದಿಲ್ಲ.

ಬಿಸಿಲು ನಲವತ್ತು ದಾಟಿದೆ, ಧರಣಿ ಬೆಳಿಗ್ಗೆ 11ರೊಳಗೆ ಮುಗಿಸುವಂತೆ ಹೊತ್ತು ಹಾಕಿ, ನೀರು ನೀವೇ ಒಯ್ಯಿರಿ. ಮಾಹಿತಿ ಹಕ್ಕಿನ ಅರ್ಜಿಯ ಕರಡು ಗುರುವಾರದೊಳಗೆ ಕಳಿಸು, 150 ಪದ ಮೀರಿದ್ದರೆ ನಾನು ಕತ್ತರಿಸಿ ಕೊಡುತ್ತೇನೆ.

ನಿನ್ನ ಅವ್ವ,
ಶಹಾಪುರ