ತಲೆನೋವಿಗೆ ಬಂದವರನ್ನು ಹೀಯಾಳಿಸಬೇಡಿ

ಮಾನ್ಯ ಸಂಪಾದಕರೇ,

ನಿದ್ದೆ ಬಾರದವರು, ಕೆಲಸದ ಒತ್ತಡಕ್ಕೆ ಸೋತವರು ಧ್ಯಾನ ಶಿಬಿರಗಳಿಗೆ ಹೋಗುವುದು ಬರೀ ಶೋಕಿ ಎಂಬ ಮಾತು ಈಚೆಗೆ ಕೇಳಿಬರುತ್ತಿದೆ. ವಿಪಶ್ಯನ ಎಂಬ ಬೌದ್ಧ ಧ್ಯಾನ ಪದ್ಧತಿಯನ್ನು 1969ರಿಂದ ಭಾರತದಲ್ಲಿ ಕಲಿಸತೊಡಗಿದ ಎಸ್.ಎನ್. ಗೋಯೆಂಕಾ ಅವರೂ ಬರ್ಮಾದಲ್ಲಿ ಗುರು ಊ ಬ ಖಿನ್ ಅವರ ಬಳಿ ಹೋದದ್ದು ಮೈಗ್ರೇನ್ ಕಾಟ ತಾಳಲಾರದೆಯೇ. ತಲೆನೋವು ವಾಸಿಯಾಗಲಿ ಎಂದಷ್ಟೇ ಬರುವುದಾದರೆ ಬೇಡ ಎಂದು ಗುರುಗಳು ಮೊದಲು ನಿರಾಕರಿಸಿದ್ದರು!

ವಿಪಶ್ಯನದ ಹತ್ತು ದಿನಗಳ ಶಿಬಿರದಲ್ಲಿ ನಸುಕಿನ ನಾಲ್ಕಕ್ಕೆ ಏಳಬೇಕು, ಮೊಬೈಲ್ ಒಪ್ಪಿಸಬೇಕು, ಮಾತು ಬಿಡಬೇಕು. ಮೊದಲ ಮೂರು ದಿನ ಉಸಿರನ್ನು ಗಮನಿಸುವುದಷ್ಟೇ ಕೆಲಸ. ಶೋಕಿಯವರು ಇದನ್ನು ತಡೆದುಕೊಳ್ಳುವುದು ಕಷ್ಟ.

ನಮ್ಮ ಕಲಬುರಗಿಯಲ್ಲಿ ಬುದ್ಧನ ಕಡೆಗಿನ ದಾರಿಯೇ ಬೇರೆ. ಇಲ್ಲಿ ಅನೇಕರ ಮನೆಗೆ ಬುದ್ಧ ಬಂದದ್ದು ಅಂಬೇಡ್ಕರರ ಪಟದೊಂದಿಗೆ, 1956ರಲ್ಲಿ ನಾಗಪುರದಲ್ಲಿ ಅವರು ಪಡೆದ ಬೌದ್ಧ ದೀಕ್ಷೆಯ ನೆನಪಿನೊಂದಿಗೆ. ನಾನು ಪಾಠ ಹೇಳಿದ ಹಲವು ಮಕ್ಕಳಿಗೆ ಬುದ್ಧ, ಧಮ್ಮ, ಸಂಘಕ್ಕೆ ಶರಣೆನ್ನುವ ತ್ರಿಶರಣ, ನಡತೆಯ ಐದು ನಿಯಮಗಳಾದ ಪಂಚಶೀಲ ಬಾಯಿಪಾಠವಿತ್ತು. ಕಣ್ಣು ಮುಚ್ಚಿ ಕೂರುವುದು ಅವರಿಗೆ ಆಮೇಲಿನ ಮಾತು. ಮೊದಲು ಬೇಕಿದ್ದದ್ದು ತಲೆ ಎತ್ತಿ ನಡೆಯುವುದು.

ಇನ್ನು ಬುದ್ಧ ವಿಹಾರದ ಗುಮ್ಮಟದ ಮುಂದೆ ಸೆಲ್ಫಿಗೆಂದು ಬರುವ ಹುಡುಗರಿದ್ದಾರೆ. ಬರಲಿ. ಅವರ ಪ್ರಶ್ನೆಗಳಿಗೆ ಸರಳ ಕನ್ನಡದಲ್ಲಿ ಉತ್ತರಿಸಲು ಭಾನುವಾರವಾದರೂ ಯಾರಾದರೂ ಅಲ್ಲಿ ಕುಳಿತಿರಲಿ ಎಂಬುದು ನನ್ನ ಕೋರಿಕೆ.

– ನಿವೃತ್ತ ಶಿಕ್ಷಕಿ, ಕಲಬುರಗಿ